ಅಪ್ಪನಿಗೆ ವರ್ಗ, ಮಗನಿಗೆ ಡ್ರಾಪ್ ಬಾಕ್ಸ್

ಮುಂಗಾರು ಕೈಕೊಟ್ಟರೂ ಸರ್ಕಾರಿ ನೌಕರರ ವರ್ಗಾವಣೆ ಪಟ್ಟಿ ಕೈಕೊಡುವುದಿಲ್ಲ. ಶಾಲೆ ತೆರೆದು, ಫೀಸು ಕಟ್ಟಿ, ಪುಸ್ತಕಗಳಿಗೆ ಬೈಂಡು ಹಾಕಿ, ಮಗು ಪಕ್ಕದಲ್ಲಿ ಕೂರುವವನೊಂದಿಗೆ ಒಮ್ಮೆ ಜಗಳವಾಡಿ ರಾಜಿಯಾದ ಮೇಲೆಯೇ ಆದೇಶ ಹೊರಬೀಳುತ್ತದೆ: ‘ತಕ್ಷಣದಿಂದ ಜಾರಿಗೆ ಬರುವಂತೆ, ಮುಂದಿನ ಆದೇಶದವರೆಗೆ.’ ಚಾಮರಾಜನಗರದಲ್ಲಿದ್ದವರು ಬೀದರಿಗೆ. ಇದನ್ನು ಬೇಸಿಗೆ ರಜೆಯಲ್ಲೇ ಮುಗಿಸಬಾರದೇ ಎಂದು ಕೇಳುವವರಿಗೆ ಆಡಳಿತದ ಗಂಧಗಾಳಿ ಇಲ್ಲ. ಶಿಫಾರಸು ಪತ್ರಗಳು ಹಣ್ಣಾಗಲು ಬಿಸಿಲೊಂದೇ ಸಾಲದು.

ಅನುಭವಸ್ಥರು ಆಗ ಹೇಳುವ ಮಾತು ಒಂದೇ: ‘ನೀವು ಹೋಗಿ, ಮಗುವನ್ನು ಮಾತ್ರ ಅಲುಗಾಡಿಸಬೇಡಿ. ಅಜ್ಜಿ ಮನೆಯಲ್ಲಿ ಬಿಡಿ.’ ಇದು ಮಮತೆಯ ಮಾತಲ್ಲ, ಪಕ್ಕಾ ಲೆಕ್ಕ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಬೇಕಾದರೆ ಒಂದರಿಂದ ಹತ್ತನೆಯ ತರಗತಿಯವರೆಗೆ ಹತ್ತೂ ವರ್ಷ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಅಪ್ಪನಿಗೆ ವರ್ಗವಾಯಿತೆಂದು ಐದನೆಯ ತರಗತಿಯನ್ನು ಜಿಲ್ಲಾ ಕೇಂದ್ರದಲ್ಲಿ ಓದಿದ ಹುಡುಗ ಗ್ರಾಮೀಣನಲ್ಲ. ಉಳಿದ ಒಂಬತ್ತು ವರ್ಷ ಅವನು ಸಗಣಿ ಸಾರಿಸಿದ ಅಂಗಳದಲ್ಲೇ ಬೆಳೆದಿರಬಹುದು. ಆ ಒಂದು ವರ್ಷದಲ್ಲಿ ನಗರದ ಗಾಳಿ ತಾಗಿ ಕೆಟ್ಟುಹೋಗಿದ್ದಾನೆ. ಕನ್ನಡ ಮಾಧ್ಯಮದ ಮೀಸಲಿಗೂ ಇದೇ ಹತ್ತು ವರ್ಷದ ವ್ರತ. ಹೊಸ ಊರಿನಲ್ಲಿ ಕನ್ನಡ ಮಾಧ್ಯಮದ ಶಾಲೆ ಹತ್ತಿರದಲ್ಲಿ ಇಲ್ಲದಿದ್ದರೆ ವ್ರತಭಂಗ. ಹೀಗಾಗಿ ಆರು ವರ್ಷದ ಮಗುವಿಗೆ ಅ ಆ ಇ ಈ ಹೇಳಿಕೊಡುವ ಮೊದಲು ಎಂಜಿನಿಯರಿಂಗ್ ಸೀಟಿನ ಮಾಹಿತಿ ಪುಸ್ತಕವನ್ನು ಓದಿಸುವುದು ಕ್ಷೇಮ.

ಇಷ್ಟಾದರೂ ಮಗುವನ್ನು ಜೊತೆಗೇ ಕರೆದೊಯ್ಯುವ ಮೊಂಡರಿಗಾಗಿ ಟಿಸಿ, ಅಂದರೆ ಶಾಲೆಯ ವರ್ಗಾವಣೆ ಪತ್ರ, ಇದೆ. ಟಿಸಿಯ ಅಂಕಣಗಳನ್ನು ನಿಧಾನವಾಗಿ ಓದಬೇಕು. ‘ನಡತೆ’ ಎಂಬಲ್ಲಿ ‘ಉತ್ತಮ’ ಎಂದಿರುತ್ತದೆ. ಒಂದನೆಯ ತರಗತಿಯ ಮಗು ಮತ್ತೇನು ಮಾಡಬೇಕಿತ್ತು, ಬ್ಯಾಂಕ್ ದರೋಡೆಯೇ? ‘ಶಾಲೆ ಬಿಡಲು ಕಾರಣ’ ಎಂಬಲ್ಲಿ ‘ಪೋಷಕರ ಕೋರಿಕೆ’ ಎಂದು ಬರೆಯುತ್ತಾರೆ. ಇದು ಅಪ್ಪಟ ಸುಳ್ಳು. ಪೋಷಕ ಕೋರಿದ್ದು ವರ್ಗಾವಣೆ ರದ್ದಾಗಲಿ ಎಂದು. ಅದಕ್ಕಾಗಿ ವಿಧಾನಸೌಧದ ಎಷ್ಟು ಮೆಟ್ಟಿಲು ಹತ್ತಿದ್ದಾನೆ ಎಂಬುದಕ್ಕೆ ಟಿಸಿಯಲ್ಲಿ ಅಂಕಣವಿಲ್ಲ. ಮಜವೆಂದರೆ ಕೆಲವರ ಕೋರಿಕೆ ಆಗಸ್ಟ್‌ನಲ್ಲಿ ಫಲಿಸುತ್ತದೆ. ಅಪ್ಪ ಅದೇ ಹಳೆಯ ಕುರ್ಚಿಗೆ ಮರಳುತ್ತಾನೆ, ಕುರ್ಚಿಯ ಮೇಲಿನ ಟವೆಲ್ಲೂ ಅದೇ. ಮಗು ಮಾತ್ರ ಹಳೆಯ ಶಾಲೆಯ ಬಾಗಿಲಲ್ಲಿ ನಿಂತಿರುತ್ತದೆ.

‘ಇವನು ನಿಮ್ಮದೇ ವಿದ್ಯಾರ್ಥಿ, ಸಾರ್.’

‘ಗೊತ್ತು, ನಾನೇ ಕಲಿಸಿದ್ದೇನೆ. ಆದರೆ ಆ ಶಾಲೆಯ ಟಿಸಿ ಎಲ್ಲಿ?’

ಕೇಂದ್ರ ಸರ್ಕಾರಕ್ಕೆ ತನ್ನ ನೌಕರರ ಮಕ್ಕಳ ಈ ಪಾಡು 1963ರಲ್ಲೇ ಹೊಳೆದು ಕೇಂದ್ರೀಯ ವಿದ್ಯಾಲಯಗಳು ಬಂದವು. ಮೊಬೈಲ್ ಸಂಖ್ಯೆಯನ್ನು 2015ರಿಂದ ದೇಶದ ಯಾವ ಮೂಲೆಗಾದರೂ ಒಯ್ಯಬಹುದು, ಒಂದು ಅಂಕಿಯೂ ಬದಲಾಗದು. ಮಕ್ಕಳಿಗೆ ಸಂಖ್ಯೆಗಳೇನೋ ಧಾರಾಳವಾಗಿ ಸಿಕ್ಕಿವೆ: ರಾಜ್ಯದ ವಿದ್ಯಾರ್ಥಿ ದಾಖಲೆಯ ಸ್ಯಾಟ್ಸ್ ಸಂಖ್ಯೆ, ಕೇಂದ್ರದ ಶಾಶ್ವತ ಶಿಕ್ಷಣ ಸಂಖ್ಯೆ, ಅದೂ ಸಾಲದೆಂದು ಅಪಾರ್ ಎಂಬ 12 ಅಂಕಿಗಳ ವಿದ್ಯಾರ್ಥಿ ಗುರುತಿನ ಸಂಖ್ಯೆ, ಇವೆಲ್ಲಕ್ಕೂ ತಳಪಾಯವಾಗಿ ಆಧಾರ್. ಇಷ್ಟು ಸಂಖ್ಯೆ ಹೊತ್ತ ಮಗು ಕಳೆದುಹೋಗಲು ಸಾಧ್ಯವೇ? ಸಾಧ್ಯ. ಹಳೆಯ ಶಾಲೆ ಬಿಟ್ಟು ಹೊಸ ಶಾಲೆಯ ದಾಖಲೆಗೆ ಸೇರದ ಮಕ್ಕಳಿಗಾಗಿ ದೇಶದ ಶಾಲೆಗಳ ಲೆಕ್ಕವಿಡುವ ಯುಡೈಸ್ ಜಾಲತಾಣದಲ್ಲಿ ಒಂದು ಜಾಗವನ್ನೇ ಮಾಡಿಟ್ಟಿದ್ದಾರೆ. ಅದರ ಹೆಸರು ಡ್ರಾಪ್ ಬಾಕ್ಸ್. ಅಲ್ಲಿಂದ ಹೊಸ ಶಾಲೆಯವರು ಎತ್ತಿಕೊಳ್ಳಬೇಕು. ಹೆಸರಿನ ಮುಂದಿನ ಇನಿಷಿಯಲ್ ಆಧಾರ್‌ನಲ್ಲಿ ಹಿಂದಕ್ಕೆ ಹೋಗಿದ್ದರೆ ಎತ್ತುವುದಕ್ಕೂ ಪರದಾಟ.

ಕಾನೂನು ಇಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಸೆಕ್ಷನ್ ಸ್ಪಷ್ಟವಾಗಿದೆ: ಯಾವ ಕಾರಣಕ್ಕೇ ಆಗಲಿ ಸ್ಥಳ ಬದಲಿಸುವ ಮಗುವಿಗೆ ಸರ್ಕಾರಿ, ಅನುದಾನಿತ ಶಾಲೆಗೆ ವರ್ಗವಾಗುವ ಹಕ್ಕಿದೆ. ಮುಖ್ಯ ಶಿಕ್ಷಕರು ಕೂಡಲೇ ಟಿಸಿ ಕೊಡಬೇಕು, ತಡ ಮಾಡಿದರೆ ಶಿಸ್ತುಕ್ರಮ. ಟಿಸಿ ಬರುವುದು ತಡವಾಯಿತೆಂದು ಹೊಸ ಶಾಲೆಯವರು ದಾಖಲಾತಿ ನಿರಾಕರಿಸುವಂತಿಲ್ಲ. ಖಾಸಗಿ ಶಾಲೆಯಲ್ಲಿ ಲಾಟರಿಯಿಂದ ಉಚಿತ ಸೀಟು ಪಡೆದ ಮಗುವಿನ ಸೀಟು ಮಾತ್ರ ಅದರ ಜೊತೆ ಬಸ್ ಹತ್ತುವುದಿಲ್ಲ. ಆ ಜಾಣತನವನ್ನು ಕಾಯ್ದೆಯೇ ಮಾಡಿದೆ.

ನೌಕರರ ಗೋಳು ಹೇಗೋ ನಡೆಯುತ್ತದೆ. ಅವರಿಗೆ ಸಂಘವಿದೆ, ಶಾಸಕರ ಪತ್ರವಿದೆ, ಹಳ್ಳಿಯಲ್ಲಿ ಅಜ್ಜಿಯಿದ್ದಾಳೆ. ಯಾದಗಿರಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವರಿಗೆ ವರ್ಗಾವಣೆ ಆದೇಶ ಕೊಟ್ಟವರು ಯಾರು? ಮಳೆ ಕೊಟ್ಟಿತು, ಸಾಲ ಕೊಟ್ಟಿತು. ಅಜ್ಜಿಯೂ ಅದೇ ಕಟ್ಟಡದಲ್ಲಿ ಜಲ್ಲಿ ಹೊರುತ್ತಿದ್ದಾಳೆ. ಟಿಸಿ ತರಲು ಊರಿಗೆ ಹೋದರೆ ಎರಡು ದಿನದ ಕೂಲಿ ಹೋಯಿತು. ಹೋಗದಿದ್ದರೆ ಮಗಳು ತಮ್ಮನನ್ನು ಎತ್ತಿಕೊಂಡು ಸಿಮೆಂಟ್ ಚೀಲಗಳ ನಡುವೆ ಕೂರುತ್ತಾಳೆ. ಆ ತಂದೆಗೆ ‘ಟಿಸಿ ತಗೊಂಡು ಬಾ’ ಎಂದು ಹೇಳಿ ಕಳುಹಿಸುವುದು ತಮಾಷೆಯ ವಿಷಯವಲ್ಲ, ಕಾನೂನು ಉಲ್ಲಂಘನೆ. ಹದಿನೈದು ವರ್ಷಕ್ಕೂ ಮೇಲಾಯಿತು ಈ ಕಾಯ್ದೆ ಜಾರಿಗೆ ಬಂದು. ಇನ್ನೂ ಬಾಗಿಲಲ್ಲೇ ನಿಲ್ಲಿಸಿ ಕಾಗದ ಕೇಳುತ್ತಾರೆ. ಇದನ್ನು ಬರೆದೂ ಬರೆದೂ ಬೇಸರವಾಗಿದೆ.

ವರದಿಯಲ್ಲಿ ಆ ಮಗಳನ್ನು ‘ಶಾಲೆ ಬಿಟ್ಟ ಮಗು’ ಎಂದು ಬರೆದುಕೊಳ್ಳುತ್ತಾರೆ. ಕಾರಣದ ಅಂಕಣದಲ್ಲಿ ಬಹುಶಃ ಪೋಷಕರ ನಿರಾಸಕ್ತಿ ಎಂದಿರುತ್ತದೆ.