ಬೇರೆಯವರ ನಾಯಿ, ನಮ್ಮ ಗೋಡೆ

ಅಜ್ಜ ನೆಟ್ಟ ಆಲದಮರಕ್ಕೆ ಜೋತುಬೀಳಬೇಡಿ ಎಂದು ನಮ್ಮಲ್ಲಿ ಬುದ್ಧಿ ಹೇಳುವವರಿಗೆ ಬರವಿಲ್ಲ. ಅಜ್ಜ ಆಲದಮರವನ್ನೇ ನೆಡದೆ ಹೋಗಿದ್ದರೆ ಏನು ಗತಿ? ಇದಕ್ಕೆ ಉತ್ತರ ಲಂಡನ್ನು, ನ್ಯೂಯಾರ್ಕಿನ ಹರಾಜು ಮನೆಗಳಲ್ಲಿದೆ. ಯಾರದೋ ಮುತ್ತಜ್ಜ ಸಾಕಿದ ನಾಯಿ, ಓಡಿಸಿದ ಕುದುರೆ, ಅಟ್ಟಿಸಿಕೊಂಡು ಹೋದ ನರಿ, ಎಲ್ಲವೂ ಅಲ್ಲಿ ಎಣ್ಣೆಚಿತ್ರಗಳಾಗಿ ಚಿನ್ನದ ಚೌಕಟ್ಟಿನ ಸಮೇತ ಮಾರಾಟಕ್ಕಿವೆ. ತಂದು ಸೋಫಾದ ಮೇಲ್ಗಡೆ ನೇತುಹಾಕಿದರೆ ಸಾಕು, ಮನೆಗೆ ಬಂದವರು ‘ದೊಡ್ಡ ಮನೆತನ’ ಅಂದುಕೊಳ್ಳುತ್ತಾರೆ. ಅಜ್ಜನ ಚಿತ್ರವನ್ನೇ ಕೊಂಡುಬಿಡಬಹುದಲ್ಲ ಅನ್ನಬಹುದು ನೀವು. ಆದರೆ ಮೊಮ್ಮಗನ ಮೂಗಿಗೂ ಅಜ್ಜನ ಮೂಗಿಗೂ ತಾಳೆಯಾಗದೆ ಬಂದವರು ಪಿಸುಗುಟ್ಟಿಯಾರು. ನಾಯಿಯ ಚಿತ್ರದಲ್ಲಿ ಆ ಅಪಾಯವಿಲ್ಲ.

ಈ ಸರಕಿಗೆ ಮಾರುಕಟ್ಟೆಯಲ್ಲಿ ‘ಸ್ಪೋರ್ಟಿಂಗ್ ಆರ್ಟ್’ ಎನ್ನುತ್ತಾರೆ. ಸ್ಪೋರ್ಟು ಅಂದಾಕ್ಷಣ ಕ್ರಿಕೆಟ್ಟು, ಕಬಡ್ಡಿ ಎಂದು ಹಿಗ್ಗಬೇಡಿ. ಬೇಟೆ, ರೇಸು, ಕೋವಿ, ಇವು ಇಲ್ಲಿನ ಮುಖ್ಯ ಆಟಗಳು. ಕೊಳ್ಳುವ ನಿಯಮಗಳು ಬಿಗಿಯಾಗಿವೆ. ಚಿತ್ರದೊಳಗಿನ ಕುದುರೆಗೆ ವಂಶಾವಳಿ ಇರಬೇಕು: ತಂದೆ ಯಾರು, ತಾಯಿ ಯಾರು, ಗೆದ್ದ ರೇಸು ಯಾವುದು. ಚಿತ್ರಕ್ಕೂ ವಂಶಾವಳಿ ಬೇಕು: ಯಾವ ಲಾರ್ಡನ ಬಂಗಲೆಯಿಂದ ಹೊರಟು, ಯಾರ ಯಾರ ಕೈದಾಟಿ ಬಂತು ಎಂಬ ಪಟ್ಟಿ. ವಂಶಾವಳಿ ಕೇಳದೆ ಒಳಗೆ ಬಿಡುವುದು ಒಬ್ಬನನ್ನು ಮಾತ್ರ, ಕೊಳ್ಳುವವನನ್ನು. ಅವನಿಗೆ ಚೆಕ್‌ಬುಕ್ ಇದ್ದರಾಯಿತು. ಕೂಗಿದ ಬೆಲೆಯ ಮೇಲೆ ‘ಬೈಯರ್ಸ್ ಪ್ರೀಮಿಯಂ’ ಎಂಬ ಇನ್ನೊಂದು ಕತ್ತರಿಯೂ ಬೀಳುತ್ತದೆ. ಕೊಂಡ ತಪ್ಪಿಗೆ ಕೊಂಡವನೇ ಹರಾಜು ಮನೆಗೆ ಕೊಡುವ ದಂಡ ಅದು.

ಈ ಲೋಕದ ದೊಡ್ಡ ದೇವರು ಜಾರ್ಜ್ ಸ್ಟಬ್ಸ್. ಹುಟ್ಟಿದ್ದು 1724ರಲ್ಲಿ, ಲಿವರ್‌ಪೂಲಿನಲ್ಲಿ. ದೇವರ ಬಗ್ಗೆ ನನ್ನ ತಕರಾರೇನೂ ಇಲ್ಲ. ಲಿಂಕನ್‌ಶೈರಿನ ಹಾರ್ಕ್‌ಸ್ಟೋ ಎಂಬ ಹಳ್ಳಿಯಲ್ಲಿ ಈ ಮನುಷ್ಯ ಹದಿನೆಂಟು ತಿಂಗಳು ಸತ್ತ ಕುದುರೆಗಳ ನಡುವೆ ಬದುಕಿದ. ಹೆಣವನ್ನು ಕೊಂಡಿಗಳಿಂದ ಮೇಲಕ್ಕೆಳೆದು ನಿಂತ ಭಂಗಿಯಲ್ಲೇ ತೂಗುಹಾಕಿ, ಚರ್ಮ ಸುಲಿದು, ಒಂದೊಂದೇ ಪದರ ಸ್ನಾಯು ಬಿಡಿಸಿ, ಎಲುಬು ಕಾಣುವತನಕ ಬರೆದುಕೊಂಡ. ಕೆಲಸದಲ್ಲಿ ಜತೆಗಿದ್ದವಳು ಮೇರಿ ಸ್ಪೆನ್ಸರ್ ಎಂಬಾಕೆ. ಆ ಕೊಟ್ಟಿಗೆಯ ನಾತವನ್ನು ಊಹಿಸಿಕೊಳ್ಳಿ. ಆಮೇಲೆ ಅವನು ಬಿಡಿಸಿದ ಕುದುರೆಯ ಮುಂದೆ ನಿಂತರೆ ಚರ್ಮದಡಿ ರಕ್ತ ಓಡಾಡುವುದು ಕಾಣುತ್ತದೆ. ಇಂಥ ಚಿತ್ರದೆದುರು ನಿಂತು ‘ನಮ್ಮ ಲಿವಿಂಗ್ ರೂಮಿನ ಪರದೆಗೆ ಮ್ಯಾಚ್ ಆಗುತ್ತಾ?’ ಎಂದು ಕೇಳುವವರನ್ನು ಅದೇ ಕೊಂಡಿಗಳಿಗೆ ಒಪ್ಪಿಸಬೇಕು.

ಸ್ಟಬ್ಸ್‌ನ ಒಂದು ಚಿತ್ರ 2011ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 2.24 ಕೋಟಿ ಪೌಂಡಿಗೆ ಹೋಯಿತು. ಅಂದಿನ ಲೆಕ್ಕದಲ್ಲಿ ನೂರೈವತ್ತು ಕೋಟಿ ರೂಪಾಯಿಗೂ ಮೇಲೆ. ಚಿತ್ರ ಇಂಗ್ಲೆಂಡಿನ ನ್ಯೂಮಾರ್ಕೆಟ್ಟಿನ ರೇಸು ಮೈದಾನದ್ದು. ನಾಯಕ ಜಿಮ್‌ಕ್ರ್ಯಾಕ್ ಎಂಬ ಬೂದುಬಣ್ಣದ ಪುಟ್ಟ ಕುದುರೆ. ಒಂದೇ ಚಿತ್ರದಲ್ಲಿ ಇದಕ್ಕೆ ದ್ವಿಪಾತ್ರ: ದೂರದಲ್ಲಿ ಓಡಿ ಗೆಲ್ಲುತ್ತಿದೆ, ಹತ್ತಿರದಲ್ಲಿ ಗೆದ್ದು ಬಂದು ಮೈ ಉಜ್ಜಿಸಿಕೊಳ್ಳುತ್ತಿದೆ. ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳಬೇಕೆಂದರೆ, ‘ನ್ಯೂಮಾರ್ಕೆಟ್ ಮೈದಾನದಲ್ಲಿ ಜಿಮ್‌ಕ್ರ್ಯಾಕ್, ಒಬ್ಬ ತರಬೇತುದಾರ, ಒಬ್ಬ ಲಾಯದ ಹುಡುಗ ಹಾಗೂ ಒಬ್ಬ ಜಾಕಿಯೊಡನೆ’. ನಾಲ್ಕು ಜೀವ, ಒಂದೇ ಹೆಸರು. ಕಲಿಸಿದವನು ‘ಒಬ್ಬ’, ಉಜ್ಜಿದವನು ‘ಒಬ್ಬ’, ಪ್ರಾಣ ಒತ್ತೆಯಿಟ್ಟು ಓಡಿಸಿದವನೂ ‘ಒಬ್ಬ’.

ಇದೇನೋ ಒಂದು ಚಿತ್ರದ ಕಥೆ ಅಂದುಕೊಂಡೀರಿ. ಅಮೆರಿಕದ ಬ್ಯಾಂಕರ್ ಮನೆತನದ ಪಾಲ್ ಮೆಲನ್ 1936ರಲ್ಲಿ ಕೊಂಡ ಮೊದಲ ಸ್ಟಬ್ಸ್ ಚಿತ್ರದ ಹೆಸರು ‘ಲಾಯದ ಹುಡುಗನೊಡನೆ ಪಂಪ್‌ಕಿನ್’. ಹುಡುಗ ಯಾರ ಮಗ? ಗೊತ್ತಿಲ್ಲ. ಪಂಪ್‌ಕಿನ್, ಅಂದರೆ ಕುಂಬಳಕಾಯಿ, ಅದು ಕುದುರೆ. ಕುಂಬಳಕಾಯಿಗೂ ಅಂಕಿತನಾಮ ಸಿಕ್ಕಿತು, ಹುಡುಗನಿಗೆ ಸಿಗಲಿಲ್ಲ. ಮೆಲನ್ ಮಹಾಶಯನ ಪರವಾಗಿ ಒಂದು ಮಾತು ಹೇಳಲೇಬೇಕು: ತಾನು ಕೂಡಿಟ್ಟದ್ದನ್ನು ಯೇಲ್ ವಿಶ್ವವಿದ್ಯಾಲಯಕ್ಕೆ ಕೊಟ್ಟು ಎಲ್ಲರೂ ನೋಡುವಂತೆ ಮಾಡಿದ. ಬಣ್ಣದ ಕುದುರೆ ಸಾಲದೆ ಜೀವಂತ ಕುದುರೆಗಳನ್ನೂ ಸಾಕಿ, ಮಿಲ್ ರೀಫ್ ಎಂಬುದರಿಂದ 1971ರ ಎಪ್ಸಮ್ ಡರ್ಬಿ ರೇಸನ್ನೂ ಗೆದ್ದ. ಇವನದು ಹುಚ್ಚಾದರೂ ಸಾಚಾ ಹುಚ್ಚು.

ಸ್ಟಬ್ಸ್‌ನ ‘ವಿಸಲ್‌ಜಾಕೆಟ್’ ಇನ್ನೂ ತಮಾಷೆ. ಆಳೆತ್ತರ ಮೀರಿದ ಕ್ಯಾನ್ವಾಸಿನ ಮೇಲೆ ಮುಂಗಾಲೆತ್ತಿದ ಒಂದು ಕುದುರೆ, ಸುತ್ತ ಏನೂ ಇಲ್ಲ. ಮರವಿಲ್ಲ, ಆಕಾಶವಿಲ್ಲ, ಸವಾರನಿಲ್ಲ. ಬೆನ್ನ ಮೇಲೆ ದೊರೆ ಮೂರನೇ ಜಾರ್ಜ್ ಕೂರಬೇಕಿತ್ತು, ಬರೆಸಿದ ರಾಕಿಂಗ್‌ಹ್ಯಾಮ್ ಮಾರ್ಕ್ವಿಸನಿಗೂ ದೊರೆಗೂ ರಾಜಕೀಯದಲ್ಲಿ ಸರಿಹೋಗದೆ ಜಾಗ ಖಾಲಿ ಉಳಿಯಿತು ಎಂಬ ಹಳೇ ಕಥೆಯೊಂದಿದೆ. ಕಥೆ ನಿಜವೋ ಸುಳ್ಳೋ, 1997ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಇದಕ್ಕೆ 1.1 ಕೋಟಿ ಪೌಂಡ್ ಕೊಟ್ಟಿತು. ದೊರೆ ಕೂತಿದ್ದರೆ ಅಷ್ಟು ಬರುತ್ತಿತ್ತೆ ಎಂಬುದು ನನ್ನ ಅನುಮಾನ.

ಕುದುರೆಯಾದರೂ ಕುದುರೆಯಂತಿದೆ. ಹದಿನೆಂಟು, ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ದನಗಳ ಚಿತ್ರಗಳನ್ನು ನೋಡಬೇಕು. ಗೋದ್ರೆಜ್ ಬೀರುವಿಗೆ ನಾಲ್ಕು ಕಡ್ಡಿ ಸಿಕ್ಕಿಸಿ ಒಂದು ತುದಿಗೆ ಪುಟ್ಟ ತಲೆ ಅಂಟಿಸಿದ ಹಾಗೆ. ಆಗ ದನದ ತಳಿ ಸುಧಾರಣೆಯ ಭರಾಟೆ. ಹೆಚ್ಚು ಕೊಬ್ಬು, ಹೆಚ್ಚು ಕೀರ್ತಿ. ಡರಮ್ ಆಕ್ಸ್ ಎಂಬ ದೈತ್ಯ ಎತ್ತನ್ನು ಗಾಡಿಯಲ್ಲಿ ಹೇರಿಕೊಂಡು ದೇಶವಿಡೀ ಮೆರೆಸಿ ದುಡ್ಡೆತ್ತಿದರು, ಅದರ ಚಿತ್ರದ ಅಚ್ಚುಗಳು 1802ರಿಂದ ಸಾವಿರಗಟ್ಟಲೆ ಮಾರಾಟವಾದವು. ಮಾಲೀಕರು ಕಲಾವಿದರನ್ನು ಕರೆಸಿ ಇದ್ದ ದನವನ್ನಲ್ಲ, ಇರಬೇಕಾದ ದನವನ್ನು ಬರೆಸುತ್ತಿದ್ದರು. ಮರದಚ್ಚಿನ ಕಲಾವಿದ ಥಾಮಸ್ ಬ್ಯೂಯಿಕ್ ಇದನ್ನು ತನ್ನ ಆತ್ಮಕಥನದಲ್ಲಿ ಬರೆದಿಟ್ಟಿದ್ದಾನೆ: ಕಣ್ಣಿಗೆ ಕಾಣದ ಕಡೆಯೆಲ್ಲ ಕೊಬ್ಬಿನ ಮುದ್ದೆ ಇಡಬೇಕು ಎಂದರಂತೆ, ಇವನು ಒಲ್ಲೆ ಎಂದನಂತೆ, ಕೆಲಸ ಕೈಬಿಟ್ಟಿತಂತೆ. ಒಪ್ಪಿಕೊಂಡ ಮಿಕ್ಕವರ ಚಿತ್ರಗಳನ್ನು ಇಂದು ‘ಎಂಥ ಮುಗ್ಧತೆ!’ ಎಂದು ಹೊಗಳಿ ಕೊಳ್ಳುತ್ತಾರೆ. ಸುಳ್ಳು ಇನ್ನೂರು ವರ್ಷ ಹಳತಾದರೆ ಮುಗ್ಧತೆಯಾಗುತ್ತದೆ. ನಮ್ಮ ಚುನಾವಣಾ ಫ್ಲೆಕ್ಸುಗಳನ್ನು ಯಾರಾದರೂ ಜೋಪಾನವಾಗಿ ಮಡಿಸಿಡುವುದು ಒಳ್ಳೆಯದು.

ರೇಸಿನ ಚಿತ್ರಗಳದ್ದೂ ಇದೇ ಹಾಡು. ನಾಲ್ಕೂ ಕಾಲನ್ನು ಹಿಂದಕ್ಕೂ ಮುಂದಕ್ಕೂ ಚಾಚಿ ಗಾಳಿಯಲ್ಲಿ ತೇಲುವ ಕುದುರೆಗಳು. 1821ರಲ್ಲಿ ಫ್ರೆಂಚ್ ಚಿತ್ರಕಾರ ಜೆರಿಕೋ ಬರೆದ ಎಪ್ಸಮ್ ಡರ್ಬಿಯ ಚಿತ್ರ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ, ಅಲ್ಲಿಯೂ ಹೀಗೇ. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಫೋಟೋ ತೆಗೆದಾಗ ಗೊತ್ತಾಯಿತು, ಕುದುರೆಯ ನಾಲ್ಕೂ ಕಾಲು ನೆಲ ಬಿಡುವುದೇನೋ ಹೌದು, ಆದರೆ ಚಾಚಿದಾಗಲ್ಲ, ಹೊಟ್ಟೆಯಡಿ ಮಡಿಸಿದಾಗ. ಅಷ್ಟುಹೊತ್ತಿಗೆ ಎಷ್ಟೋ ಬಂಗಲೆಗಳ ಗೋಡೆ ತೇಲುವ ಕುದುರೆಗಳಿಂದ ತುಂಬಿಹೋಗಿತ್ತು. ಕುದುರೆಗಳು ಈ ಕುರಿತು ಹೇಳಿಕೆ ನೀಡಿದ್ದು ದಾಖಲಾಗಿಲ್ಲ.

ಇನ್ನು ನಾಯಿ. ವಿಕ್ಟೋರಿಯಾ ರಾಣಿಯ ಮೆಚ್ಚಿನ ಸರ್ ಎಡ್ವಿನ್ ಲ್ಯಾಂಡ್ಸಿಯರ್ ನಾಯಿಗಳ ಮುಖದಲ್ಲಿ ನವರಸ ತರಿಸಿದವನು. 1837ರ ಅವನ ಒಂದು ಚಿತ್ರ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಬಡ ಗುಡಿಸಲು, ಶವಪೆಟ್ಟಿಗೆ, ಅದರ ಮೇಲೆ ಗದ್ದವೂರಿ ದುಃಖಿಸುತ್ತಿರುವ ನಾಯಿ. ಆ ಕಾಲದ ಕಲಾಭಿಮಾನಿಗಳು ಕರಗಿ ನೀರಾದರು. ನಾಯಿಯ ನಿಷ್ಠೆಗೆ, ಮತ್ತೆ. ಪೆಟ್ಟಿಗೆಯೊಳಗೆ ಮುದಿ ಕುರುಬನೊಬ್ಬನಿದ್ದಾನೆ ಎಂಬುದು ಶೀರ್ಷಿಕೆ ಓದಿದರೆ ತಿಳಿಯುತ್ತದೆ. ಹೆಸರು? ‘ಮುದಿ ಕುರುಬ’, ಅಷ್ಟೆ.

ಮನುಷ್ಯರನ್ನು ಪೂರ್ತಿ ಕೈಬಿಟ್ಟು ನಾಯಿಗಳನ್ನೇ ಇಸ್ಪೀಟಿಗೆ ಕೂರಿಸಿದವನು ಅಮೆರಿಕದ ಚಿತ್ರಕಾರ ಕೂಲಿಜ್. ಬುಲ್‌ಡಾಗು, ಕಾಲಿ ಮುಂತಾದ ತಳಿಯ ಮಹನೀಯರು ಚುಟ್ಟಾ ಸೇದುತ್ತ ಪೋಕರ್ ಆಡುವ ಈ ಚಿತ್ರಗಳು ಕ್ಯಾಲೆಂಡರಿಗೆ, ಜಾಹೀರಾತಿಗೆ ಮಾಡಿದವು. ವಿಮರ್ಶಕರು ದಶಕಗಟ್ಟಲೆ ಮೂಗು ಮುರಿದರು. 2005ರಲ್ಲಿ ನ್ಯೂಯಾರ್ಕಿನ ಡಾಯ್ಲ್ ಹರಾಜಿನಲ್ಲಿ ಒಂದು ಜೋಡಿ 5,90,400 ಡಾಲರಿಗೆ ಹೋಯಿತು. ಅದೇ 2005ರಲ್ಲಿ ನಮ್ಮ ಅಂಚೆ ಇಲಾಖೆಯೂ ಒಂದು ನಾಯಿಚಿತ್ರ ಹೊರತಂದಿತು, ಮುಧೋಳದ್ದು. ಇಸ್ಪೀಟು ಬಾರದ ತಪ್ಪಿಗೆ ಆ ಪಾಪದ ಪ್ರಾಣಿಯನ್ನು ಜನ ನಾಲಿಗೆಯಿಂದ ನೆಕ್ಕಿ ಲಕೋಟೆಗೆ ಅಂಟಿಸಿದರು.

ನ್ಯೂಯಾರ್ಕಿನಲ್ಲಿ ದೊಡ್ಡ ಡಾಗ್ ಶೋ ನಡೆಯುವ ಹೊತ್ತಿಗೇ ನಾಯಿಚಿತ್ರಗಳ ಹರಾಜನ್ನೂ ಇಟ್ಟುಕೊಳ್ಳುವ ವಾಡಿಕೆ ಬೆಳೆಯಿತು. ಬಾನಮ್ಸ್‌ನವರು ಹರಾಜಿಗೆ ಮುಂಚೆ ನಾಯಿಗಳಿಗೂ ಆಹ್ವಾನವಿರುವ ಬ್ರಂಚ್ ಮಾಡಿದ್ದುಂಟು, ಹೆಸರು ಬಾರ್ಕ್‌ಫೆಸ್ಟ್. ಗೋಡೆಯ ಮೇಲೆ ಪೂರ್ವಜರು, ಕೆಳಗೆ ವಂಶಸ್ಥರು, ನಡುವೆ ಹಗ್ಗ ಹಿಡಿದುಕೊಂಡ ‘ಒಬ್ಬ’. ಮನುಷ್ಯನ ಸ್ಥಾನ ಇನ್ನೂರೈವತ್ತು ವರ್ಷಗಳಲ್ಲಿ ಒಂದಿಂಚೂ ಕದಲಿಲ್ಲ.

ನಾವೇನು ಕಡಿಮೆ? ಊಟಿಯ ಗುಡ್ಡಗಳಲ್ಲಿ ಬ್ರಿಟಿಷ್ ದೊರೆಗಳು ಇಂಗ್ಲೆಂಡಿನ ಕೆಂಪು ನರಿ ಸಿಗದೆ ಗುಳ್ಳೆನರಿಯನ್ನೇ ಅಟ್ಟಿಸಿಕೊಂಡು ಹೋಗಿ ಶೋಕಿ ತೀರಿಸಿಕೊಂಡರು. ಅವರು ಹೋದರು, ಕೆಂಪು ಕೋಟಿನ ಬೇಟೆಗಾರರ ಪ್ರಿಂಟುಗಳು ಕ್ಲಬ್ಬುಗಳ ಗೋಡೆಯಲ್ಲಿ ಉಳಿದವು. ಅಲ್ಲಿಂದ ಬೆಂಗಳೂರಿನ ಪಬ್ಬಿಗೆ, ಮಲೆನಾಡಿನ ಹೋಂಸ್ಟೇಗೆ ಇಳಿದವು. ನಾಯಿಗಳನ್ನು ಛೂ ಬಿಟ್ಟು ನರಿ ಬೇಟೆಯಾಡುವುದು ಇಂಗ್ಲೆಂಡಿನಲ್ಲೇ 2005ರಿಂದ ನಿಷೇಧ. ನಮ್ಮ ಹೋಂಸ್ಟೇಗಳ ಗೋಡೆಯಲ್ಲಿ ಅಬಾಧಿತ. ಅಪಾರ್ಟ್‌ಮೆಂಟಿನ ಲಾಬಿಯಲ್ಲಿ ಹತ್ತಾರು ಹೌಂಡುಗಳು ಬಾಯಿ ತೆರೆದು ಓಡುವ ಚಿತ್ರ, ಪಕ್ಕದಲ್ಲೇ ಲ್ಯಾಮಿನೇಟ್ ಮಾಡಿಸಿದ ನೋಟಿಸು: ‘ಬೀದಿನಾಯಿಗಳಿಗೆ ಅನ್ನ ಹಾಕುವವರಿಗೆ ದಂಡ ವಿಧಿಸಲಾಗುವುದು’. ಅನ್ನ ಕೇಳದ ನಾಯಿಗೆ ಮಾತ್ರ ಇಲ್ಲಿ ವಾಸದ ಹಕ್ಕು.

ಹಳೆಯ ಬೇಟೆನಾಯಿಯ ಚಿತ್ರವೇ ಬೇಕೆಂದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದಿದೆ. ಸ್ಟಬ್ಸ್ ಹುಟ್ಟುವುದಕ್ಕೆ ಏಳುನೂರೆಪ್ಪತ್ತು ವರ್ಷಕ್ಕೂ ಹಿಂದಿನದು. ಮದ್ದೂರು ಸೀಮೆಯ ಆತಕೂರಿನ ವೀರಗಲ್ಲು, ಕ್ರಿ.ಶ. 949–50ರದ್ದು. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ದೊರೆ ‘ಬೇಡಿಕೋ’ ಎಂದಾಗ ಅವನು ಕೇಳಿಕೊಂಡದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟರು, ನಾಯಿ ಹಂದಿ ಎರಡೂ ಕಾದಾಡಿ ಸತ್ತವು. ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ (ಶೈವ ಪೂಜಾರಿಗೆ) ನಾಯಿ ಮಾಡಿದ ಪಾಪ ತಟ್ಟಲಿ ಎಂದು ಬರೆಸಿದರು. ನಾಯಿಗೆ ಹೆಸರಿದೆ, ನಾಯಿ ಸಾಕಿದವನಿಗೂ ಹೆಸರಿದೆ. ಶಾಲಾ ಪ್ರವಾಸದ ಮಕ್ಕಳು ಇದರ ಮುಂದೆ ಐಸ್‌ಕ್ಯಾಂಡಿಯ ಧ್ಯಾನದಲ್ಲಿ ಸರಸರ ದಾಟಿಹೋಗುತ್ತಾರೆ. ಜತೆಗೆ ಬಂದ ದೊಡ್ಡವರು ಇನ್ನೂ ಬೇಗ.

ತಪ್ಪು ಕಲ್ಲಿನದೇ. ಪ್ರಚಾರ ಸಾಲದು. ಲಂಡನ್ನಿನವರ ಕೈಗೆ ಸಿಕ್ಕಿದ್ದರೆ ಕ್ಯಾಟಲಾಗಿನಲ್ಲಿ ಹೀಗೆ ಬರುತ್ತಿತ್ತು: ‘ಕಾಳಿ, ಹಂದಿಯೊಡನೆ. ಮಾಧ್ಯಮ: ಕಲ್ಲು. ಹಿಂದಿನ ಒಡೆತನ: ಅರಮನೆ, ಮಣಲೇರ, ಚಲ್ಲೇಶ್ವರ. ಗಮನಿಸಿ: ಮೊಳೆಗೆ ತೂಗುಹಾಕಲಾಗದು. ಭಾರತದ 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ದೇಶದಾಚೆ ಸಾಗಿಸುವಂತಿಲ್ಲ. ಕೊಂಡವರು ಪ್ರತಿದಿನ ಪೂಜೆ ಮುಗಿಸಿಯೇ ಊಟ ಮಾಡತಕ್ಕದ್ದು. ತಪ್ಪಿದಲ್ಲಿ ನಾಯಿಯ ಪಾಪ ಕೊಂಡವರದು, ಬೈಯರ್ಸ್ ಪ್ರೀಮಿಯಂ ಪ್ರತ್ಯೇಕ.’