ಮೈಕಿನವರೇ, ಸ್ವಲ್ಪ ಸುಮ್ಮನಿರಿ

ಕುಂಬಳೆ ಕಡೆಯ ಒಂದು ಸಣ್ಣ ಕ್ಲಬ್ಬಿನ ಸೌಹಾರ್ದ ಫುಟ್‌ಬಾಲ್ ಪಂದ್ಯ ನೋಡಲು ಹೋಗಿದ್ದೆ. ಸೀಸನ್ ಶುರುವಾಗುವ ಮೊದಲಿನ ಆಟ, ಟಿಕೆಟ್ ಇಲ್ಲ. ನಮ್ಮ ಕಾಸರಗೋಡಿನಲ್ಲಿ ಸೆವೆನ್ಸ್, ಅಂದ್ರೆ ಏಳೇಳು ಜನರ ಫುಟ್‌ಬಾಲಿನ ಹುಚ್ಚು ಜಾಸ್ತಿ. ಪೂರ್ತಿ 11 ಜನರ ಆಟವನ್ನಾದರೂ ನೆಮ್ಮದಿಯಾಗಿ ನೋಡೋಣ ಅಂದ್ರೆ ಮೈಕ್ ಬಿಡಬೇಕಲ್ಲ! ನೆಟ್ಟಿಗೆ, ಚೆಂಡಿಗೆ, ಸೋಡಾಕ್ಕೆ ದುಡ್ಡು ಕೊಟ್ಟವರ ಹೆಸರೆಲ್ಲ ಮೊದಲು ಮಲಯಾಳದಲ್ಲಿ, ಆಮೇಲೆ ಕನ್ನಡದಲ್ಲಿ. ಎಡಗಡೆಯ ಹುಡುಗ ಇಬ್ಬರನ್ನು ದಾಟಿ ಗೋಲಿನ ಮುಂದಕ್ಕೆ ಒಳ್ಳೆ ಕ್ರಾಸ್ ಕೊಟ್ಟ. ಅಷ್ಟರಲ್ಲಿ, "ಕೆಎಲ್ 14 ಬೈಕಿನವರು ಗೇಟಿನ ಎದುರಿಂದ ಗಾಡಿ ತೆಗೆಯಿರಿ!" ಇಲ್ಲಿ ಎಲ್ಲರ ಗಾಡಿ ನಂಬರೂ ಕೆಎಲ್ 14 ಅಲ್ವಾ ಮಾರಾಯ್ರೆ? ಅರ್ಧ ಜನ ಗೇಟಿನತ್ತ ತಿರುಗಿದರು, ನಾನೂ. ಗೋಲಾದದ್ದು ಆಗಲೇ. ಹೊಡೆದವನು ಯಾರು ಅಂತ ಮಾತ್ರ ಮೈಕ್ ಹೇಳಲೇ ಇಲ್ಲ.