ಸಪಾಟು ಅಂದ್ರೆ ಏನೂ ಇಲ್ಲ ಅಂತಲ್ಲ, ಭಾವ

ಈಗಷ್ಟೇ ಮನೆಗೆ ಬಂದೆ. ಕಾಲು ತೊಳೆದಿಲ್ಲ, ಕಾಫಿ ಕುಡಿದಿಲ್ಲ, ಇದನ್ನು ಬರೆಯಲು ಕೂತಿದ್ದೇನೆ. ಬರೆಯದಿದ್ದರೆ ಹಾಲ್‌ನಲ್ಲಿ ಮಲಗಿರುವ ಭಾವನ ಜೊತೆ ಜಗಳ ಆಗುತ್ತದೆ. ಅವರು ಇನ್ನೂ ನಾಲ್ಕು ದಿನ ಇರುತ್ತಾರೆ.

ವಿಷಯ ಇಷ್ಟೇ. ಬೆಳಿಗ್ಗೆ ಬೆಲ್ಜಿಯಂನ ಘೆಂಟ್‌ನಿಂದ ರೈಲಿಗೆ ಸೈಕಲ್ ಹತ್ತಿಸಿಕೊಂಡು ಡಿಕ್ಸ್‌ಮೌಡೆಗೆ ಹೋದೆವು. ಅಲ್ಲಿಂದ ಸಮುದ್ರದ ಕಡೆ ನಿಯುಪೋರ್ಟ್ ಊರಿನವರೆಗೆ ಒಂದು ಹಳೇ ರೈಲು ದಾರಿ ಇದೆ. ರೈಲು ನಿಂತು ಎಷ್ಟೋ ವರ್ಷ ಆಯಿತು. ಹಳಿ ಕಿತ್ತು ಸೈಕಲ್ ದಾರಿ ಮಾಡಿದ್ದಾರೆ. ಹೆಸರು ಫ್ರಾಂಟ್‌ಜಾಟೆ. ಸುಮಾರು 15 ಕಿಲೋಮೀಟರ್. ಅಲ್ಲಲ್ಲಿ ಅಡ್ಡ ಬರುವ ಹಳ್ಳಿ ರಸ್ತೆ ಬಿಟ್ಟರೆ ಒಂದು ಕಾರೂ ಸಿಗುವುದಿಲ್ಲ. ಎರಡೂ ಕಡೆ ಹೊಲ, ಹಸು, ಕಾಲುವೆ. ಮಧ್ಯೆ ಮಧ್ಯೆ ಪಾಚಿ ಹಿಡಿದ ಕಾಂಕ್ರೀಟ್ ಬಂಕರ್. ತಲೆ ಮೇಲೆ ಇಷ್ಟಗಲ ಆಕಾಶ.

ಇಷ್ಟನ್ನೂ ನೋಡಿದ ಭಾವನ ತೀರ್ಪು: "ಚೆನ್ನಾಗೈತೆ ಬಿಡು. ಆದ್ರೆ ಬರೀ ಸಪಾಟು ಕಣಪ್ಪ. ನೋಡಕ್ಕೆ ಏನೈತೆ ಇಲ್ಲಿ?"

ಹೋದ ವಾರ ಸ್ವಿಟ್ಜರ್ಲೆಂಡ್ ನೋಡಿ ಬಂದವರು. ಮಂಜಿನ ಬೆಟ್ಟದ 40 ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದಾರೆ. ಇವತ್ತಿನದ್ದು ಒಂದೇ ಒಂದು: ಅವರು, ಕೈಯಲ್ಲಿ ವಾಫಲ್. ಹಿಂದೆ ಬಂಕರ್ ಇತ್ತು, ಕ್ರಾಪ್ ಮಾಡಿದ್ದಾರೆ.

ಭಾವ ಒಬ್ಬರೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಊರಿಂದ ಬರುವ ಪ್ರತಿಯೊಬ್ಬರೂ ಇದನ್ನೇ ಹೇಳುತ್ತಾರೆ. ಬ್ರಸೆಲ್ಸ್‌ನಲ್ಲಿ ಉಚ್ಚೆ ಹುಯ್ಯುವ ಹುಡುಗನ ಗೊಂಬೆ, ಬ್ರೂಜ್‌ನಲ್ಲಿ ಅರ್ಧ ದಿನ, ಎರಡು ಕೆಜಿ ಚಾಕೊಲೇಟ್, ಮುಗೀತು ಬೆಲ್ಜಿಯಂ. ನಾವು ಇವತ್ತು ಹೋದ ಪಶ್ಚಿಮ ಫ್ಲಾಂಡರ್ಸ್ ಅಂದರೆ "ಅಲ್ಲೇನೂ ಇಲ್ವಂತೆ, ಬಯಲಂತೆ." ಯಾರು ಹೇಳಿದರೋ! ಬೆಟ್ಟ ಇಲ್ಲದ ಕಡೆ ಇತಿಹಾಸವೂ ಇರುವುದಿಲ್ಲ ಅಂತ ಯಾವ ಮೇಷ್ಟ್ರು ಪಾಠ ಮಾಡಿದರೋ!

ನೋಡಿ, ಮಂಡ್ಯದವನಿಗೆ ಸಪಾಟನ್ನು ಬೈದರೆ ಸಿಟ್ಟು ಬರುತ್ತದೆ. ನಮ್ಮದೆಲ್ಲ ನಾಲೆ, ತೂಬು, ಗದ್ದೆ ಬದುಗಳ ಲೆಕ್ಕ. ಅಪ್ಪ ನೀರುಗಂಟಿ ಆಗಿದ್ದರು, ಅಂದರೆ ನಾಲೆಯಿಂದ ಗದ್ದೆಗಳಿಗೆ ನೀರು ಬಿಡುವ ಕೆಲಸ. ಸಪಾಟು ನೆಲ ನಿಜವಾಗಲೂ ಸಪಾಟಾಗಿರುವುದಿಲ್ಲ. ಒಂದು ಗೇಣು ಏರಿದ್ದರೆ ನೀರು ಅತ್ತ ಹೋಗುವುದಿಲ್ಲ, ಒಂದು ಗೇಣು ಇಳಿದಿದ್ದರೆ ಪಕ್ಕದವನ ಗದ್ದೆ ತುಂಬುತ್ತದೆ. ಆ ಒಂದು ಗೇಣಿಗೆ ನಮ್ಮೂರಲ್ಲಿ ತಲೆ ಒಡೆದಿವೆ, ಕೇಸು ನಡೆದಿವೆ. ಭಾವನೂ ಅದೇ ಊರ ಕಡೆಯವರು. ಮರೆತಿದ್ದಾರೆ. ಬೆಂಗಳೂರಿನಲ್ಲಿ 20 ವರ್ಷ ಇದ್ದರೆ ಮರೆಯದೆ ಇನ್ನೇನು.

ಇಲ್ಲಿ ಆಗಿದ್ದೂ ಆ ಗೇಣಿನ ಕಥೆಯೇ.

1914ರ ಅಕ್ಟೋಬರ್, ಮೊದಲ ಮಹಾಯುದ್ಧ. ಜರ್ಮನ್ ಸೈನ್ಯ ಬೆಲ್ಜಿಯಂನ ಹೆಚ್ಚುಕಮ್ಮಿ ಪೂರ್ತಿ ನುಂಗಿಕೊಂಡು ಐಸರ್ ನದಿಗೆ ಬಂದಿತ್ತು. ಬೆಲ್ಜಿಯಂ ಸೈನ್ಯ ಸುಸ್ತಾಗಿತ್ತು. ಗುಂಡು ಮುಗಿಯುತ್ತಾ ಬಂದಿತ್ತು. ಹಿಂದೆ ಸರಿಯೋಣ ಅಂದರೆ ದೇಶವೇ ಉಳಿದಿರಲಿಲ್ಲ. ನದಿಯನ್ನೂ ಜರ್ಮನ್ನರು ದಾಟಿದರು. ಇವರ ಬಳಿ ಉಳಿದದ್ದು ಒಂದೇ: ನಾವು ಇವತ್ತು ಸೈಕಲ್ ಹೊಡೆದ ಈ ರೈಲು ಏರಿ. ಎತ್ತರ ಒಂದೆರಡು ಮೀಟರ್. ಸುತ್ತ ಸಮುದ್ರದ ಮಟ್ಟದಲ್ಲೇ ಇರುವ ಬಯಲು. ಆ ಬಯಲಲ್ಲಿ ಒಂದೆರಡು ಮೀಟರ್ ಅಂದರೆ ಕೋಟೆ ಗೋಡೆ ಇದ್ದ ಹಾಗೆ.

ಆಮೇಲೆ ಬರುವವನು ನೀರುಗಂಟಿ.

ನಾನು ಸುಮ್ನೆ ಹೇಳುತ್ತಿಲ್ಲ. ಕರೆಲ್ ಕೊಗೆ ಅಂತ, ವ್ಯೂರ್ನೆ ಊರಿನವನು. ಅಲ್ಲಿನ ಕಾಲುವೆ ನೀರಿನ ಉಸ್ತುವಾರಿ ಅವನದು. ಯಾವ ತೂಬು ತೆಗೆದರೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿದ್ದವನು. ಅವನ ಜೊತೆಗೆ ಹೆಂಡ್ರಿಕ್ ಗೇರಾರ್ಟ್, ದೋಣಿ ನಡೆಸುವವನು. ಇವರು ಹೇಳಿದ ಉಪಾಯ ಇದು: ರೈಲು ಏರಿಯ ಕೆಳಗಿನ 22 ಮೋರಿಗಳನ್ನು ಮುಚ್ಚಿ. ಸಮುದ್ರ ಉಬ್ಬಿದಾಗ ನಿಯುಪೋರ್ಟ್‌ನ ಗೇಟು ತೆಗೆಯಿರಿ, ಇಳಿಯುವಾಗ ಹಾಕಿ. ಒಳಗೆ ಬಂದ ನೀರು ಆಚೆ ಹೋಗಬಾರದು. ಮೊದಲು ತೆಗೆದ ತೂಬಿನಿಂದ ನೀರು ಸಾಕಷ್ಟು ಬರಲಿಲ್ಲ. 29ರ ರಾತ್ರಿ ಗೇರಾರ್ಟ್ ಇನ್ನೊಂದು ಕಾಲುವೆಯ ಗೇಟುಗಳನ್ನು ಎತ್ತಿಸಿದ. ನೀರು ನಿಧಾನವಾಗಿ ಹೊಲಗಳಲ್ಲಿ ಹರಡಿತು. ಜರ್ಮನ್ನರು ಏರಿ ದಾಟಿ ರಾಮ್ಸ್‌ಕಪೆಲೆ ಹಳ್ಳಿ ಹಿಡಿದರು. ಅಷ್ಟರಲ್ಲಿ ಬೆನ್ನ ಹಿಂದೆ ನೀರು ಏರುತ್ತಿತ್ತು. ಬೆಲ್ಜಿಯನ್ನರು, ಫ್ರೆಂಚರು ಸೇರಿ ಹಳ್ಳಿಯನ್ನು ವಾಪಸ್ ಹಿಡಿದರು. 31ಕ್ಕೆ ಐಸರ್ ಯುದ್ಧ ಮುಗಿಯಿತು. ಆ ನೀರು ನಾಲ್ಕು ವರ್ಷ ನಿಂತಿತ್ತು. ನಡೆದು ದಾಟಲು ಜಾಸ್ತಿ, ದೋಣಿ ಬಿಡಲು ಕಮ್ಮಿ.

ಉಪ್ಪು ನೀರು ಕಣ್ರೀ! ಸ್ವಂತ ಹೊಲಕ್ಕೆ ಸಮುದ್ರದ ನೀರು ಬಿಟ್ಟುಕೊಂಡರು. ಅದೇ ವರ್ಷಗಳಲ್ಲಿ ನಮ್ಮ ಕಡೆ ಕನ್ನಂಬಾಡಿ ಕಟ್ಟುತ್ತಿದ್ದರು, ಹನಿ ನೀರು ಪೋಲಾಗಬಾರದು ಅಂತ.

ಗೇರಾರ್ಟ್‌ನ ಮುಖ ಮುಂದೆ ಬೆಲ್ಜಿಯಂನ ಸಾವಿರ ಫ್ರಾಂಕ್ ನೋಟಿನ ಮೇಲೆ ಬಂತು. ಮುಂದುಗಡೆ ರಾಜ, ಹಿಂದುಗಡೆ ದೋಣಿಯವನು. ಇದನ್ನು ಭಾವನಿಗೆ ಹೇಳಿದೆ. "ಹೌದಾ" ಅಂದು ಫೋನ್ ನೋಡಿದರು.

ಈಗ ನಿಮ್ಮಲ್ಲಿ ಯಾರಾದರೂ ಕಾಮೆಂಟ್ ಹಾಕುತ್ತೀರಿ: "ಇದಕ್ಕೆಲ್ಲ ಸೈಕಲ್ ಯಾಕೆ? ಕಾರಲ್ಲಿ ಹೋದರೆ ಒಂದೇ ದಿನದಲ್ಲಿ ಡಿಕ್ಸ್‌ಮೌಡೆ, ಈಪರ್, ಹತ್ತು ಸ್ಮಶಾನ ಎಲ್ಲ ಮುಗಿಯುತ್ತದೆ." ಮುಗಿಯುತ್ತದೆ, ಸರಿ. ಮಂಡಿ ನೋವಿನವರಿಗೆ, ಮಳೆಗೆ, ಸಣ್ಣ ಮಕ್ಕಳಿದ್ದವರಿಗೆ ಕಾರೇ ಒಳ್ಳೆಯದು. ಬ್ಯಾಟರಿ ಸೈಕಲ್ ಬಾಡಿಗೆಗೆ ಸಿಗುತ್ತದೆ, ಅದು ಬೇರೆ ಮಾತು. ಆದರೆ ಕಾರಿನ ಟೈರಿಗೆ ಒಂದು ಮೀಟರ್ ಏರು ಗೊತ್ತಾಗುವುದಿಲ್ಲ. ಮೊಣಕಾಲಿಗೆ ಗೊತ್ತಾಗುತ್ತದೆ. ಈಪರ್ ಊರಿನ ಹತ್ತಿರ ಪಾಸೆಂಡಾಲೆ ದಿಬ್ಬ ಇದೆಯಲ್ಲ, ಅದು ಸಮುದ್ರಮಟ್ಟಕ್ಕಿಂತ ಸುಮಾರು 60 ಮೀಟರ್. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರು ಅದನ್ನು ದಿಬ್ಬ ಅಂತಲೂ ಕರೆಯುವುದಿಲ್ಲ. ಅದನ್ನು ಹತ್ತಲು ಬ್ರಿಟಿಷರ ಕಡೆಯ ಸೈನಿಕರು 1917ರಲ್ಲಿ ಜುಲೈ ಕೊನೆಯಿಂದ ನವೆಂಬರ್‌ವರೆಗೆ ಕೆಸರಲ್ಲಿ ಹೋರಾಡಿದರು. ಅಲ್ಲೂ ಹಳೇ ರೈಲು ದಾರಿಯೇ ಈಗ ಸೈಕಲ್ ದಾರಿ. ಅಲ್ಲಿ ಪೆಡಲ್ ಒಂಚೂರು ಭಾರ ಆಗುತ್ತದೆ. ಗೇರ್ ಇಳಿಸುತ್ತೀರಿ. ಮೇಲೆ ಟೈನ್ ಕಾಟ್ ಸ್ಮಶಾನ, ಸುಮಾರು 12,000 ಬಿಳಿ ಕಲ್ಲುಗಳು. ಗೇರ್ ಇಳಿಸಿದ್ದು ಯಾಕೆ ಅಂತ ಆಗ ಅರ್ಥ ಆಗುತ್ತದೆ. ಕಾರಲ್ಲಿ ಪಾರ್ಕಿಂಗ್ ಹುಡುಕುತ್ತಿರುತ್ತೀರಿ.

"ಸತ್ತವರ ಜಾಗದಲ್ಲಿ ಪಿಕ್ನಿಕ್ಕಾ?" ಅನ್ನುವವರೂ ಇದ್ದಾರೆ. ಅವರಿಗೆ ನಮಸ್ಕಾರ. ಇಲ್ಲಿನ ರೈತ ಆ ಜಾಗದಲ್ಲೇ ಆಲೂಗಡ್ಡೆ ಬೆಳೆಯುತ್ತಾನೆ. ಇವತ್ತಿಗೂ ಉಳುವಾಗ ಸಿಡಿಯದ ಶೆಲ್ ಸಿಗುತ್ತವೆ. ತೆಗೆದು ಹೊಲದ ಅಂಚಿಗಿಟ್ಟು ಪೊಲೀಸರಿಗೆ ಫೋನ್ ಮಾಡುತ್ತಾನೆ, ಮಿಲಿಟರಿಯವರು ಬಂದು ಒಯ್ಯುತ್ತಾರೆ. ಅವನು ಬದುಕಬಹುದು, ನಾನು ಸೈಕಲ್ ಹೊಡೆಯಬಾರದಾ?

ಇನ್ನೊಂದು. "ನಮ್ಮ ಮೈಸೂರು ಲ್ಯಾನ್ಸರ್ಸ್ ಅಲ್ಲಿ ಕಾದಾಡಿದ್ರು ಅಲ್ವಾ?" ಅಂತ ಪ್ರತಿ ಸಲ ಒಬ್ಬರು ಕೇಳುತ್ತಾರೆ. ಇಲ್ಲ. ಮೈಸೂರು ಸಂಸ್ಥಾನದ ಆ ಕುದುರೆ ಪಡೆ ಗೆದ್ದದ್ದು 1918ರಲ್ಲಿ, ಈಗಿನ ಇಸ್ರೇಲಿನ ಹೈಫಾದಲ್ಲಿ. ಆದರೆ ಬೇರೆ ಭಾರತೀಯ ಸೈನಿಕರು ಇಲ್ಲಿಗೆ 1914ರಲ್ಲೇ ಬಂದಿದ್ದರು. ಈಪರ್ ಹತ್ತಿರದ ಹೊಲೆಬೆಕೆಯಲ್ಲಿ ಖುದಾದಾದ್ ಖಾನ್ ಅನ್ನುವ ಸಿಪಾಯಿ ಗಾಯಗೊಂಡರೂ ಮಷಿನ್ ಗನ್ ಬಿಡಲಿಲ್ಲ. ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸಿಪಾಯಿ ಅವನು. ದಿನ ಅಕ್ಟೋಬರ್ 31. ಇತ್ತ ನೀರು ಜರ್ಮನ್ನರನ್ನು ಹಿಂದೆ ತಳ್ಳಿದ ದಿನವೇ.

ಸರಿ, ಒಂದು ವಿಷಯ ಒಪ್ಪಿಕೊಳ್ಳಬೇಕು. ಭಾವನ ಮೇಲೆ ಇಷ್ಟು ಸಿಟ್ಟು ಬರಲು ಬೇರೆ ಕಾರಣ ಇದೆ.

ಕೋವಿಡ್‌ಗೆ ಮುಂಚೆ ಅಪ್ಪ ಒಂದು ಸಲ ಬಂದಿದ್ದರು. ಆಗ ನನಗೂ ಈ ಬಯಲು ಬೋರು. ವಿಡಿಯೋ ಕಾಲ್‌ನಲ್ಲಿ "ಕಬ್ಬಿಲ್ಲದ ಮಂಡ್ಯ ಅಷ್ಟೇ" ಅಂತ ನಾನೇ ನಗುತ್ತಿದ್ದೆ. ಸಮುದ್ರ ತೋರಿಸಲು ಕರೆದುಕೊಂಡು ಹೋಗುವಾಗ ದಾರಿಯಲ್ಲಿ ನಿಯುಪೋರ್ಟ್‌ನ ತೂಬುಗಳು ಕಂಡವು. ಆರು ಕಾಲುವೆ, ನದಿ ಒಂದೇ ಕಡೆ ಸೇರುವ ಜಾಗ. ಹೆಬ್ಬಾತಿನ ಪಾದದ ಹಾಗಿದೆ ಅಂತ ಅದಕ್ಕೆ ಅದೇ ಹೆಸರು, ಗಾನ್ಜೆಪೋಟ್. ಅಪ್ಪ "ಒಸಿ ನಿಲ್ಲಿಸ್ಲಾ" ಅಂದರು. ಇಳಿದು ಗೇಟಿನ ಹತ್ತಿರ ಹೋಗಿ ಬಗ್ಗಿ ನೋಡಿದರು. ಒಂದೊಂದು ಗೇಟಿಗೂ ಹೋದರು. ಈ ಕಡೆ ನೀರು ಎಷ್ಟು, ಆ ಕಡೆ ಎಷ್ಟು ಅಂತ ಕೈಯಲ್ಲೇ ಅಳೆದರು. "ಇದ ತೆಗುದ್ರೆ ಆ ಬಯಲೆಲ್ಲ ಮುಳುಗೋಯ್ತದೆ ಕಣ್ಲಾ" ಅಂದರು. ಯುದ್ಧದ ಕಥೆ ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನಾನು ಮಾಡಿದ್ದೇನು ಗೊತ್ತಾ? "ಅಪ್ಪಾ, ಬನ್ನಿ, ಲೇಟಾಯ್ತದೆ, ಇಲ್ಲೇನೈತೆ ನೋಡಕ್ಕೆ" ಅಂದೆ.

ಇವತ್ತು ಅದೇ ಗೇಟಿನ ಎದುರು ಭಾವ ನನ್ನದೇ ಮಾತು ಹೇಳಿದರು.

ಮನೆಗೆ ಬರುವ ರೈಲಿನಲ್ಲಿ ಅಪ್ಪನಿಗೆ ಫೋನ್ ಮಾಡಿದೆ. ಕೊಗೆ, ಗೇರಾರ್ಟ್, 22 ಮೋರಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಉಪ್ಪು ನೀರು ನಿಂತ ಹೊಲ್ದಲ್ಲಿ ಆಮೇಕೆ ಬೆಳೆ ಬಂತಾ?" ಬಂತು ಅಪ್ಪ, ಇವತ್ತು ನೋಡಿದೆ, ಜೋಳ ಎದೆಮಟ್ಟ ಇದೆ ಅಂದೆ. "ಹಂಗಾದ್ರೆ ಸರಿ" ಅಂತ ಫೋನ್ ಇಟ್ಟರು.

ಭಾವ ಈಗ ಎದ್ದಿದ್ದಾರೆ. ತೊಡೆ ಹಿಡಿದುಕೊಂಡಿದೆಯಂತೆ, ಅಮೃತಾಂಜನ ಕೇಳುತ್ತಿದ್ದಾರೆ. ಬರೀ ಸಪಾಟು ದಾರಿಯಲ್ಲಿ!